ಜಿಲ್ಲಾ ಕೇಂದ್ರವೋ, ಮನೆಗೆ ಬರುವ ಶಿಕ್ಷಕರೋ: ವಿಜಯಪುರ ಜಿಲ್ಲೆಯ ಪಾಲಕರಿಗೊಂದು ಹೋಲಿಕೆ

ಇಂಡಿ ಅಥವಾ ಸಿಂದಗಿ ಕಡೆಯ ಹಳ್ಳಿಯಲ್ಲಿ ಮಗುವಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ಹಾನಿಯಿಂದ ಕೈಕಾಲುಗಳ ಚಲನೆ ಮತ್ತು ಹಿಡಿತ ಕುಂದುವ ಸ್ಥಿತಿ) ಇದೆಯೆಂದು ತಿಳಿದಾಗ ಪಾಲಕರ ಮುಂದೆ ಮುಖ್ಯವಾಗಿ ಎರಡು ಸರ್ಕಾರಿ ದಾರಿಗಳಿರುತ್ತವೆ: 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರ, ಇಲ್ಲವೇ ಸರ್ಕಾರದ ಶಾಲಾ ಶಿಕ್ಷಣ ಯೋಜನೆಯಾದ ‘ಸಮಗ್ರ ಶಿಕ್ಷಣ’ದಡಿ ದೊರೆಯುವ ಗೃಹಾಧಾರಿತ ಶಿಕ್ಷಣ.

ಮಗು ಆರು ವರ್ಷದೊಳಗಿದ್ದರೆ ಮೊದಲನೆಯದನ್ನೇ ಹಿಡಿಯುವುದು ಲೇಸೆಂದು ನನಗನಿಸುತ್ತದೆ. ವೈದ್ಯರ ತಪಾಸಣೆ, ಫಿಸಿಯೋಥೆರಪಿ, ಮಾತು ಮತ್ತು ಶ್ರವಣದ ತರಬೇತಿ ಒಂದೇ ಕಡೆ ಸಿಗಬೇಕೆಂಬುದೇ ಆ ಕೇಂದ್ರದ ಉದ್ದೇಶ. ಆದರೆ ಪ್ರತಿ ಭೇಟಿಗೂ ಬಸ್ಸಿನ ಖರ್ಚಿನೊಂದಿಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ಆರಂಭದ ಉತ್ಸಾಹ ಮೂರನೆಯ ತಿಂಗಳಿಗೆ ತಗ್ಗುವುದು ಇದರಿಂದಲೇ.

ಗೃಹಾಧಾರಿತ ಶಿಕ್ಷಣವು ಶಾಲೆಗೆ ಹೋಗಲಾಗದಷ್ಟು ತೀವ್ರ ನ್ಯೂನತೆಯಿರುವ ಶಾಲಾ ವಯಸ್ಸಿನ ಮಕ್ಕಳಿಗೆ. ಮನೆಗೆ ಬಂದ ಶಿಕ್ಷಕರು ಮನೆಯಲ್ಲಿರುವುದನ್ನೇ ಬಳಸುತ್ತಾರೆ: ಕೌದಿಯನ್ನು ಸುತ್ತಿ ಬೆನ್ನಿಗೆ ಆನಿಸಿ ಮಗುವನ್ನು ಕೂರಿಸುವುದು, ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ತಾನೇ ಉಣ್ಣಲು ಕಲಿಸುವುದು. ಇದು ಚಿಕಿತ್ಸೆಗೆ ಬದಲಿಯಲ್ಲ. ಬಿಗಿದ ಸ್ನಾಯುಗಳಿಗೆ ಥೆರಪಿಸ್ಟರೇ ಬೇಕು.

ಯಾವುದನ್ನು ಆರಿಸಿದರೂ ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮೊದಲೇ ಅರ್ಜಿ ಹಾಕಿರಿ. ನ್ಯೂನತೆ ಶೇ. 40 ಅಥವಾ ಹೆಚ್ಚಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆ ‘ನಿರಾಮಯ’ ಎಂಬ ಸರ್ಕಾರಿ ಆರೋಗ್ಯ ವಿಮೆಯಡಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವೂ ಉಂಟು.