ಕಂಪನಿ ಇನ್ಶೂರೆನ್ಸ್ ಇರುವಾಗಲೇ ತಗೊಂಡ ಸ್ವಂತ ಪಾಲಿಸಿ: ಕೆಲವು ವರ್ಷ ಬಳಸಿದ ಮೇಲೆ

ಆರೋಗ್ಯ ವಿಮೆ: ಇಡೀ ಮನೆಗೆ ಸೇರಿ 5 ಲಕ್ಷದ ಫ್ಯಾಮಿಲಿ ಫ್ಲೋಟರ್, ಅದರ ಮೇಲೆ 5 ಲಕ್ಷ ದಾಟಿದ ಖರ್ಚಿಗೆ ಒಂದು ಸೂಪರ್ ಟಾಪ್-ಅಪ್. ವಿಮಾ ಕಂಪನಿ ಹೆಸರು ಬೇಡ ಬಿಡಿ.

ತಗೊಂಡಾಗ ಆಫೀಸಿನಲ್ಲಿ ಎಲ್ಲರೂ ನಕ್ಕಿದ್ದರು. ಆಫೀಸಿನವರೇ ಮಾಡಿಸಿದ ಪುಕ್ಕಟೆ ಗ್ರೂಪ್ ಪಾಲಿಸಿ ಇರುವಾಗ ಸುಮ್ನೆ ಯಾಕೆ ದುಡ್ಡು ಹಾಕ್ತೀಯಾ ಅಂತ. ಆದರೆ ಗ್ರೂಪ್ ಪಾಲಿಸಿ ಕೆಲಸ ಇರುವವರೆಗೆ ಮಾತ್ರ ಅಲ್ವಾ? ಸ್ವಂತ ಪಾಲಿಸಿಯಲ್ಲಿ ಹರ್ನಿಯಾ, ಪಿತ್ತಕೋಶದ ಕಲ್ಲು, ಕಣ್ಣಿನ ಪೊರೆ ಇಂಥವಕ್ಕೆ ಸಾಮಾನ್ಯವಾಗಿ 2 ವರ್ಷ ಕಾಯಬೇಕು. ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು (2024ರ ಏಪ್ರಿಲ್‌ಗೆ ಮುಂಚೆ 4 ವರ್ಷ ಇತ್ತು). ಈ ಕಾಯುವ ಕಾಲವನ್ನೆಲ್ಲ ಸಂಬಳ ಬರುವಾಗಲೇ, ಕಂಪನಿ ಪಾಲಿಸಿಯ ನೆರಳಲ್ಲೇ ಕಳೆದುಬಿಡಬೇಕು. ನಾನು ಕೆಲಸ ಬಿಟ್ಟು ಸ್ವಂತ ಕೆಲಸ ಶುರು ಮಾಡಿದ ಮೇಲೆ ಹೆಂಡತಿಗೆ ಪಿತ್ತಕೋಶದ ಆಪರೇಷನ್ ಆಯಿತು. ಅಷ್ಟರಲ್ಲಿ 2 ವರ್ಷ ಮುಗಿದಿತ್ತು, ಕ್ಯಾಶ್‌ಲೆಸ್ (ವಿಮಾ ಕಂಪನಿಯೇ ನೇರ ಆಸ್ಪತ್ರೆಗೆ ದುಡ್ಡು ಕಟ್ಟುವುದು) ತಕರಾರಿಲ್ಲದೆ ಸಿಕ್ಕಿತು.

ಡಿಸ್ಚಾರ್ಜ್ ದಿನ ಮಾತ್ರ ಸಾಕುಸಾಕಾಯಿತು. ಆಸ್ಪತ್ರೆ ಬಿಲ್ ಕಳಿಸಿದ 3 ಗಂಟೆಯೊಳಗೆ ವಿಮಾ ಕಂಪನಿ ಅನುಮತಿ ಕೊಡಬೇಕು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮವಿದೆ. ನಮಗೆ ಬಂದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಪಾಲಿಸಿ ಕೊಡದ ಗ್ಲೌಸು, ಮಾಸ್ಕು ಅಂತ ಒಂದಿಷ್ಟು ಕೈಯಿಂದಲೂ ಹೋಯಿತು.

ರೂಮ್ ಬಾಡಿಗೆ ಮಿತಿ ಇರುವ ಪಾಲಿಸಿ ಕಡೆ ತಲೆ ಹಾಕಬೇಡಿ. ದುಬಾರಿ ರೂಮ್ ಹಿಡಿದರೆ ಬಾಡಿಗೆಯ ವ್ಯತ್ಯಾಸ ಮಾತ್ರ ಅಲ್ಲ, ಡಾಕ್ಟರ್ ಫೀ, ಓಟಿ ಖರ್ಚಿನಲ್ಲೂ ಅದೇ ಲೆಕ್ಕದಲ್ಲಿ ಕತ್ತರಿ ಹಾಕುತ್ತಾರೆ. ಹಾಗೇ ಬರೀ ಟಾಪ್-ಅಪ್ ಬೇಡ, ಸೂಪರ್ ಟಾಪ್-ಅಪ್ ಕೇಳಿ. ಟಾಪ್-ಅಪ್ ಒಂದೊಂದು ಬಿಲ್ಲನ್ನೂ ಬೇರೆಬೇರೆ ನೋಡುತ್ತದೆ, ಸೂಪರ್ ಆದರೆ ವರ್ಷದ ಬಿಲ್ಲೆಲ್ಲ ಕೂಡಿಸಿ 5 ಲಕ್ಷ ದಾಟಿತಾ ಅಂತ ನೋಡುತ್ತದೆ.

ಸಕ್ಕರೆ ಕಾಯಿಲೆ ಇದ್ದರೆ ಫಾರ್ಮಿನಲ್ಲಿ ಬರೆದುಬಿಡಿ. "ಬೇಡ ಸಾರ್, ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದ ಏಜೆಂಟ್, ನಾಳೆ ಕ್ಲೇಮ್ ತಿರಸ್ಕಾರವಾದರೆ ಫೋನೇ ಎತ್ತುವುದಿಲ್ಲ.

ಬೇಸರ ಇರುವುದು ಪ್ರೀಮಿಯಂ ಬಗ್ಗೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿ ಮೇಲಿನ 18% ಜಿಎಸ್‌ಟಿ ಹೋಯಿತಲ್ಲ ಅಂತ ಖುಷಿಯಲ್ಲಿದ್ದರೆ, ವಯಸ್ಸಿನ ಸ್ಲ್ಯಾಬ್ ಬದಲಾಯಿತು ಅಂತ ವಿಮಾ ಕಂಪನಿಯವರು ಮೂಲ ಪ್ರೀಮಿಯಮ್ಮನ್ನೇ ಏರಿಸಿದರು. ಅಪ್ಪ-ಅಮ್ಮನ ಪಾಲಿಸಿ ಬೇರೆ ಮಾಡಿಸಿದ್ದು ಒಳ್ಳೆಯದಾಯಿತು, 60 ದಾಟಿದವರಿಗೆ ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸಬೇಕಾದರೆ ಐಆರ್‌ಡಿಎಐಯನ್ನು ಕೇಳಬೇಕು.

ಐದಕ್ಕೆ ಮೂರೂವರೆ. ಮುಂದಿನ ಸಲವೂ ಹೀಗೇ ಏರಿಸಿದರೆ ಪೋರ್ಟ್ ಮಾಡುತ್ತೇನೆ, ಅಂದರೆ ಪಾಲಿಸಿಯನ್ನು ಬೇರೆ ವಿಮಾ ಕಂಪನಿಗೆ ವರ್ಗಾಯಿಸುತ್ತೇನೆ. ಅದಕ್ಕೆ ರಿನ್ಯೂವಲ್‌ಗೆ 45 ದಿನ ಮುಂಚೆಯೇ ಅರ್ಜಿ ಹಾಕಬೇಕು, ಕಾದ ವರ್ಷಗಳ ಲೆಕ್ಕವೂ ಜೊತೆಗೇ ಬರುತ್ತದೆ.