ನಮ್ಮೂರ ಶಾಲೆಯ ಅರ್ಧವರ್ಷದ ನೋಟಿಸು: ಹಾಳೆ ಫಸ್ಟ್ ಕ್ಲಾಸ್, ವಾಟ್ಸಾಪ್ ಗುಂಪು ಜಸ್ಟ್ ಪಾಸ್

ಮಿಕ್ಸಿಗೆ, ಮೊಬೈಲಿಗೆ, ಹೈವೇ ಪಕ್ಕದ ತಟ್ಟೆ ಇಡ್ಲಿ ಹೋಟೆಲಿಗೆ, ಎಲ್ಲದಕ್ಕೂ ಜನ ರಿವ್ಯೂ ಬರೆಯುತ್ತಾರೆ. ಊರಿನ ಸರ್ಕಾರಿ ಶಾಲೆಗೆ ಬರೆಯುವವರು ಕಮ್ಮಿ. ಬರೆದರೂ ಕಟ್ಟಡ ಸೋರುತ್ತದೆ, ಮೇಷ್ಟ್ರು ಸಾಲದು, ಅಷ್ಟಕ್ಕೇ ಮುಗಿಯುತ್ತದೆ. ನಾನು ಹೇಳಹೊರಟಿರುವುದು ಪಾಠದ ವಿಷಯವೂ ಅಲ್ಲ, ಕಟ್ಟಡದ ವಿಷಯವೂ ಅಲ್ಲ. ದಸರಾ ರಜೆಯ ಹಿಂದೆಮುಂದೆ, ವರ್ಷ ಅರ್ಧ ಕಳೆದ ಹೊತ್ತಿಗೆ, ಶಾಲೆಯವರು ಮನೆಮನೆಗೆ ಸುದ್ದಿ ಮುಟ್ಟಿಸುತ್ತಾರಲ್ಲ, ಅದರ ವಿಷಯ. ಅದೂ ಒಂದು ಸೇವೆಯೇ. ಅದು ಕೈಕೊಟ್ಟರೆ ಮಗುವಿನ ಸ್ಕಾಲರ್‌ಶಿಪ್ ಹೋಗುತ್ತದೆ, ಪರೀಕ್ಷೆಗೆ ಅರ್ಜಿ ಹಾಕುವ ದಿನ ಹೋಗುತ್ತದೆ. ಸುಮ್ನೆ ಮಾತಲ್ಲ.

ನಮ್ಮದು ಸಿರಾ ಕಡೆಯ ಸಣ್ಣ ಊರು. ಶಾಲೆ ಒಂದರಿಂದ ಎಂಟರವರೆಗೆ. ಮಗ ಎಂಟನೇ ಕ್ಲಾಸು, ಮಗಳು ಐದನೇ ಕ್ಲಾಸು. ಊರಿನ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ, ಮಕ್ಕಳು ಅಜ್ಜಿ ತಾತನ ಜೊತೆ ಇದ್ದಾರೆ. ನಮ್ಮ ಯಜಮಾನರೂ ಅಲ್ಲೇ ಡ್ರೈವರ್ ಕೆಲಸದಲ್ಲಿದ್ದಾರೆ. ಶಾಲೆಯ ಸುದ್ದಿ ಎರಡು ದಾರಿಯಲ್ಲಿ ಬರುತ್ತದೆ. ಒಂದು ಮಕ್ಕಳ ಕೈಯಲ್ಲಿ ಬರುವ ಹಾಳೆ, ಇನ್ನೊಂದು ಕ್ಲಾಸಿಗೊಂದು ವಾಟ್ಸಾಪ್ ಗುಂಪು.

ಹಾಳೆಯ ಮಾತು ಮೊದಲು. ಹೆಡ್ ಮೇಷ್ಟ್ರು ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದ್ದು, ಎರಡೂ ಕಡೆ. ಅಕ್ಷರ ದುಂಡಗೆ, ದೊಡ್ಡದಾಗಿ, ಕನ್ನಡಕ ಮರೆತವರೂ ಓದಬಹುದು. ಕೆಳಗೆ ಚುಕ್ಕಿ ಗೆರೆ, ಅದರ ಕೆಳಗೆ ಕತ್ತರಿಸಿ ವಾಪಸ್ ಕೊಡುವ ಚೀಟಿ. ಅದರಲ್ಲಿ ‘ಓದಿದ್ದೇನೆ / ಓದಿಸಿ ಕೇಳಿದ್ದೇನೆ’ ಅಂತ ಇದೆ, ಪಕ್ಕದಲ್ಲಿ ಸಹಿ ಅಥವಾ ಹೆಬ್ಬೆಟ್ಟಿಗೆ ಜಾಗ. ಈ ‘ಓದಿಸಿ ಕೇಳಿದ್ದೇನೆ’ ಅನ್ನುವುದು ಯಾರಿಗೆ ಹೊಳೆಯಿತೋ ಅವರಿಗೊಂದು ನಮಸ್ಕಾರ. ಪಕ್ಕದ ಮನೆಯ ಅಜ್ಜಿಗೆ ಓದು ಬರುವುದಿಲ್ಲ. ಮೊಮ್ಮಗಳು ನಾಲ್ಕನೇ ಕ್ಲಾಸು. ಜಗಲಿ ಮೇಲೆ ಕೂತು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ, ಅಜ್ಜಿ ಕಡ್ಲೆಕಾಯಿ ಬಿಡಿಸುತ್ತಾ ಮಧ್ಯೆ ಮಧ್ಯೆ “ಇನ್ನೊಂದ್ಸಲ ಓದವ್ವ, ಎಷ್ಟನೇ ತಾರೀಕು ಅಂದೆ?” ಅಂತ ಕೇಳುತ್ತಾರೆ. ಮನೆಯಲ್ಲಿ ಇಂಕ್ ಪ್ಯಾಡ್ ಎಲ್ಲಿಂದ ಬರಬೇಕು, ಸ್ಕೆಚ್ ಪೆನ್ನನ್ನೇ ಹೆಬ್ಬೆರಳಿಗೆ ಉಜ್ಜಿ ಒತ್ತಿದರು. ಹಸಿರು ಹೆಬ್ಬೆಟ್ಟು. ಮೇಷ್ಟ್ರು ಏನೂ ಅನ್ನದೆ ತಗೊಂಡರು. ಅಜ್ಜಿಗೆ ಸುದ್ದಿ ಮುಟ್ಟಿತು, ಹುಡುಗಿಗೆ ಓದಿನ ಅಭ್ಯಾಸವೂ ಆಯಿತು, ಅಲ್ವಾ?

ಒಳಗಿನ ಸರಕೂ ಚೆನ್ನಾಗಿದೆ. ಮೊದಲಿಗೆ ಪರೀಕ್ಷೆ. ವರ್ಷಕ್ಕೆ ನಾಲ್ಕು ಎಫ್‌ಎ, ಅಂದರೆ ಸಣ್ಣ ಪರೀಕ್ಷೆ, ಎರಡು ಎಸ್‌ಎ, ಅಂದರೆ ದೊಡ್ಡ ಪರೀಕ್ಷೆ, ಈಗ ಮುಗಿದದ್ದು ಎಸ್‌ಎ-1, ನಮ್ಮ ಕಾಲದ ಅರ್ಧವಾರ್ಷಿಕ ಪರೀಕ್ಷೆ ಅಂತ ಒಂದೇ ಸಾಲಿನಲ್ಲಿ ಹೇಳಿದ್ದಾರೆ. ಪಕ್ಕದಲ್ಲೇ ಗ್ರೇಡಿನ ಲೆಕ್ಕ. ಎ ಪ್ಲಸ್ ಅಂದರೆ 90ರ ಮೇಲೆ, ಎ ಅಂದರೆ 70ರಿಂದ 89, ಬಿ ಪ್ಲಸ್ ಅಂದರೆ 50ರಿಂದ 69. ಇದನ್ನು ಬರೆದದ್ದು ಒಳ್ಳೆಯದಾಯಿತು. ‘ಬಿ ಪ್ಲಸ್’ ಅಂತ ಕಂಡ ಕೂಡಲೇ ಪ್ಲಸ್ ಇದೆಯಲ್ಲ ಅಂತ ಖುಷಿಪಟ್ಟು ಮಗುವಿಗೆ ಪೆಪ್ಸಿ ಕೊಡಿಸಿದವರು ನಮ್ಮೂರಲ್ಲಿದ್ದಾರೆ.

ಆಮೇಲೆ ಊಟ. ಮೊಟ್ಟೆ ಈಗ ವಾರಕ್ಕೆ 6 ದಿನ. ಎರಡು ದಿನದ್ದು ಸರ್ಕಾರದ್ದು, ಉಳಿದ ನಾಲ್ಕು ದಿನಕ್ಕೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಕೊಡುತ್ತದೆ, 2024ರಿಂದ ಹೀಗೆ. ಬೇಡ ಅನ್ನುವವರಿಗೆ ಬಾಳೆಹಣ್ಣು. ‘ಕಾರ್ತಿಕ ಮಾಸದಲ್ಲಿ ಮೊಟ್ಟೆ ತಿನ್ನದ ಮಕ್ಕಳಿದ್ದರೆ ಮೊದಲೇ ತಿಳಿಸಿ, ಬೇಯಿಸಿದ ಮೇಲೆ ಬೇಡ ಅನ್ನಬೇಡಿ’ ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ. ಜೆರಾಕ್ಸಿನಲ್ಲಿ ಕೆಂಪು ಕಪ್ಪಾಗಿದೆ, ಆದರೆ ಹೆಡ್ ಮೇಷ್ಟ್ರು ಕೈ ಒತ್ತಿ ಬರೆದದ್ದು ಗೊತ್ತಾಗುತ್ತದೆ. ಹಾಲಿನ ವಿಷಯ ಅರ್ಧ ಸಾಲು, ಲೋಟ ಮನೆಗೆ ತಂದು ತೊಳೆದು ಕಳಿಸಿ ಅಂತ. ಕ್ಷೀರಭಾಗ್ಯ 2013ರಿಂದ ನಡೆಯುತ್ತಿದೆ, ಒಂದು ಮಗುವಿಗೆ 18 ಗ್ರಾಂ ಪುಡಿಯಿಂದ 150 ಎಂಎಲ್ ಹಾಲು. ಅಷ್ಟು ವರ್ಷದಿಂದಲೂ ಲೋಟದ ಜಗಳ ಮಾತ್ರ ಮುಗಿದಿಲ್ಲ.

ನನಗೆ ತುಂಬಾ ಉಪಯೋಗ ಆದದ್ದು ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಬಗ್ಗೆ ಬರೆದ ಭಾಗ. ಎಂಟನೇ ಕ್ಲಾಸಿನ ಮಕ್ಕಳಿಗೆ ಇರುವ ಪರೀಕ್ಷೆ ಅದು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ದಾಟಿರಬಾರದು, ಏಳನೇ ಕ್ಲಾಸಿನಲ್ಲಿ ಶೇ 55 ಬಂದಿರಬೇಕು, ಎಸ್‌ಸಿ ಎಸ್‌ಟಿ ಮಕ್ಕಳಿಗೆ ಶೇ 50 ಸಾಕು. ಎರಡು ಪೇಪರ್, ಒಂದೊಂದರಲ್ಲೂ 90 ಪ್ರಶ್ನೆ, ಒಂದು ಬುದ್ಧಿಗೆ, ಇನ್ನೊಂದು ಪಾಠಕ್ಕೆ. ಈ ವಿವರವೆಲ್ಲ ಹಾಳೆಯಲ್ಲೇ ಇತ್ತು, ಜೊತೆಗೆ ‘ಶನಿವಾರ ಮಧ್ಯಾಹ್ನ ಶಾಲೆಯಲ್ಲೇ ಅಭ್ಯಾಸ ಮಾಡಿಸುತ್ತೇವೆ, ಮಕ್ಕಳನ್ನು ಹೊಲಕ್ಕೆ ಕರೆಯಬೇಡಿ’ ಅಂತ ಒಂದು ಮಾತು. ಖಾಸಗಿ ಶಾಲೆಗಳ ಮಕ್ಕಳಿಗೆ ಈ ಸ್ಕಾಲರ್‌ಶಿಪ್ ಇಲ್ಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗಷ್ಟೇ. ಅದನ್ನೂ ಬರೆದಿದ್ದರೆ ಸಿರಾಕ್ಕೆ ವ್ಯಾನಿನಲ್ಲಿ ಮಕ್ಕಳನ್ನು ಕಳಿಸುವವರು ಸ್ವಲ್ಪ ಯೋಚನೆ ಮಾಡುತ್ತಿದ್ದರೇನೋ.

ಹಾಳೆಯಲ್ಲಿ ಒಂದು ಕೊರತೆ ಇದೆ, ಸಣ್ಣದಲ್ಲ. ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ಪೋರ್ಟಲ್ಲಿನಲ್ಲಿ ಅರ್ಜಿ ಹಾಕುವ ಸ್ಕಾಲರ್‌ಶಿಪ್ಪಿಗೆ ‘ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಮಾಡಿಸಿ’ ಅಂತ ಬರೆದು ಬಿಟ್ಟಿದ್ದಾರೆ. ಊರಿನವರೆಲ್ಲ ಒಂದು ದಿನದ ಕೂಲಿ ಬಿಟ್ಟು ಬ್ಯಾಂಕಿಗೆ ಹೋದರು. ಅಲ್ಲಿ “ಲಿಂಕ್ ಆಗಿದೆ, ಹೋಗಿ” ಅಂದರು. ದುಡ್ಡು ಮಾತ್ರ ಬರಲಿಲ್ಲ. ವಿಷಯ ಏನೆಂದರೆ ಖಾತೆಗೆ ಆಧಾರ್ ನಂಬರ್ ಸೇರಿಸುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಈ ಆಧಾರಿನ ದುಡ್ಡು ಇದೇ ಬ್ಯಾಂಕಿಗೆ ಬರಲಿ ಅಂತ ದೇಶದ ಪಾವತಿ ಸಂಸ್ಥೆಯಲ್ಲಿ ದಾಖಲಿಸುವುದು ಬೇರೆ. ಸರ್ಕಾರದ ದುಡ್ಡು ಬರುವುದು ಮ್ಯಾಪಿಂಗ್ ಆದ ಖಾತೆಗೆ. ಎರಡು ಮೂರು ಖಾತೆ ಇದ್ದರೆ ಕೊನೆಯದಾಗಿ ಯಾವುದು ಮ್ಯಾಪ್ ಆಗಿದೆಯೋ ಅದಕ್ಕೇ ಹೋಗುತ್ತದೆ. ಕೆಲವು ಮಕ್ಕಳ ದುಡ್ಡು ಎಂದೋ ತೆರೆದು ಮರೆತ ಪೋಸ್ಟಾಫೀಸ್ ಖಾತೆಯಲ್ಲಿ ಬಂದು ಕೂತಿತ್ತು, ಪಾಸ್‌ಬುಕ್ ಎಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸ ಆಯಿತು. ‘ಬ್ಯಾಂಕಿನಲ್ಲಿ ಎನ್‌ಪಿಸಿಐ ಮ್ಯಾಪಿಂಗ್ ಅಂತಲೇ ಕೇಳಿ’ ಅನ್ನುವ ಒಂದು ಸಾಲು ಬರೆದಿದ್ದರೆ ಇಷ್ಟು ಅಲೆದಾಟ ಇರುತ್ತಿರಲಿಲ್ಲ. ಆದಾಯ ಪ್ರಮಾಣಪತ್ರದ ತಾರೀಕು ನೋಡಿಕೊಳ್ಳಿ, 5 ವರ್ಷ ಆಗಿದ್ದರೆ ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಹೊಸದು ಮಾಡಿಸಿ ಅಂತ ಚೆನ್ನಾಗಿ ಬರೆದವರಿಗೆ ಇದು ಯಾಕೆ ತಪ್ಪಿಹೋಯಿತೋ.

ಇನ್ನು ವಾಟ್ಸಾಪ್ ಗುಂಪು. ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. 2025ರ ದಸರಾ ರಜೆ ಗೊತ್ತಲ್ಲ. ಸೆಪ್ಟೆಂಬರ್ 22ರಿಂದ ಮೇಷ್ಟ್ರುಗಳೆಲ್ಲ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದರು. ಸಮೀಕ್ಷೆ ಮುಗಿಯಲಿಲ್ಲ, ಅಕ್ಟೋಬರ್ 8ಕ್ಕೆ ಶುರುವಾಗಬೇಕಿದ್ದ ಶಾಲೆ 18ರವರೆಗೆ ರಜೆ ಅಂತ ಆಯಿತು, ಅದಕ್ಕೆ ಅಂಟಿಕೊಂಡೇ ದೀಪಾವಳಿ ಬಂತು. ಇಂಥ ಸುದ್ದಿಯನ್ನು ಹಾಳೆಯಲ್ಲಿ ಕಳಿಸಲು ಆಗುವುದಿಲ್ಲ, ಮಕ್ಕಳೇ ಮನೆಯಲ್ಲಿದ್ದಾರೆ. ಆ ಸಂಜೆ ಐದನೇ ಕ್ಲಾಸಿನ ಮಿಸ್ಸು ಒಂದು ವಾಯ್ಸ್ ಮೆಸೇಜ್ ಹಾಕಿದರು. “ಎಲ್ಲರಿಗೂ ನಮಸ್ಕಾರ, ನಾಳೆ ಶಾಲೆ ಇಲ್ಲ, ಬ್ಯಾಗ್ ರೆಡಿ ಮಾಡಬೇಡಿ, ಹದಿನೆಂಟರವರೆಗೂ ರಜೆ, ಮಗ್ಗಿ ಮಾತ್ರ ಬಿಡಬೇಡಿ.” ಹಿಂದೆ ಯಾರದೋ ಮನೆಯ ನಾಯಿ ಬೊಗಳುತ್ತಿತ್ತು, ಅವರೂ ಸಮೀಕ್ಷೆಯಲ್ಲೇ ಇದ್ದರು ಅಂತ ಕಾಣುತ್ತದೆ. ಓದು ಬಾರದವರಿಗೂ ಅರ್ಥವಾಯಿತು. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ಆದರೆ ಎಲ್ಲರೂ ಆ ಮಿಸ್ಸಲ್ಲ. ಎಂಟನೇ ಕ್ಲಾಸಿನ ಗುಂಪಿಗೆ ಬರುವುದು ಮೇಲಿನಿಂದ ಬಂದ ಸುತ್ತೋಲೆಯ ಪಿಡಿಎಫ್, ಇದ್ದ ಹಾಗೇ. ‘ಉಲ್ಲೇಖ’, ‘ವಿಷಯ’, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಶುರುವಾಗಿ ಪೋಷಕರು ಏನು ಮಾಡಬೇಕು ಅನ್ನುವುದು ಮೂರನೇ ಪುಟದಲ್ಲಿ ಎಲ್ಲೋ ಸಿಗುತ್ತದೆ. ಅದರ ಮೇಲೆ ‘ತುರ್ತು’ ಅಂತ ಒಂದು ಸಾಲು. ಎಲ್ಲವೂ ತುರ್ತಾದರೆ ಯಾವುದನ್ನು ಓದುವುದು? ಮಧ್ಯೆ ಗುಡ್ ಮಾರ್ನಿಂಗ್ ಚಿತ್ರ, ಸೀರೆ ಸೇಲ್, ಯಾರದೋ ಗೃಹಪ್ರವೇಶ. ಗುಂಪಿನಲ್ಲಿ ಶಿಕ್ಷಕರಷ್ಟೇ ಮೆಸೇಜ್ ಹಾಕುವ ಹಾಗೆ ಸೆಟ್ಟಿಂಗ್ ಬದಲಿಸಲು ಅರ್ಧ ನಿಮಿಷ ಸಾಕು, ಇನ್ನೂ ಆಗಿಲ್ಲ.

ಅಪಾರ್ ಐಡಿ ವಿಷಯದಲ್ಲಂತೂ ನನಗೆ ಸಿಟ್ಟೇ ಬಂತು. ‘ನಾಳೆಯೊಳಗೆ ಒಪ್ಪಿಗೆ ಪತ್ರ ತುಂಬಿ ಕಳಿಸಿ’ ಅಂತ ಬಂತು. ಅದೇನು, ಯಾಕೆ ಅಂತ ಒಂದು ಮಾತಿಲ್ಲ. ಆಧಾರ್ ಇದೆ, ಶಾಲೆ ದಾಖಲೆಯ ಸ್ಯಾಟ್ಸ್ ನಂಬರ್ ಇದೆ, ಇದು ಯಾವ ಹೊಸದು? ಮಗುವಿನ ಓದಿನ ದಾಖಲೆಗಳೆಲ್ಲ ಒಂದೇ ಕಡೆ ಇರಲಿ ಅಂತ ಕೊಡುವ 12 ಅಂಕಿಯ ನಂಬರ್ ಅದು, ಅಪ್ಪ ಅಮ್ಮ ಒಪ್ಪಿದರೆ ಮಾತ್ರ. ಒಪ್ಪಿಗೆ ಕೇಳುವವರು ಯಾವುದಕ್ಕೆ ಒಪ್ಪಿಗೆ ಅಂತ ಹೇಳಬೇಡವಾ? ಆಧಾರ್ ಹೆಸರು, ಶಾಲೆಯ ಹೆಸರು ಎರಡೂ ಒಂದೇ ಥರ ಇಲ್ಲದಿದ್ದರೆ ಈ ನಂಬರ್ ಆಗುವುದಿಲ್ಲ ಅಂತಲೂ ಆಮೇಲೆ ತಿಳಿಯಿತು.

ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯದ ಕತೆ ಇನ್ನೂ ಬೇಜಾರು. ಮಗಳು ಐದನೇ ಕ್ಲಾಸು, ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಬರೆಯಬಹುದಿತ್ತು. ಒಂದು ನವೋದಯದಲ್ಲಿ ಹೆಚ್ಚೆಂದರೆ 80 ಸೀಟು, ಅದರಲ್ಲಿ ಕಡಿಮೆಯೆಂದರೂ ಮುಕ್ಕಾಲು ಪಾಲು ಹಳ್ಳಿ ಮಕ್ಕಳಿಗೇ. ಅರ್ಜಿ ಹಾಕುವುದು ಮಳೆಗಾಲದಲ್ಲಿ. ಗುಂಪಿನಲ್ಲಿ ನೆನಪೋಲೆ ಬಂದದ್ದು ಅವಧಿ ಮುಗಿದ ಮೇಲೆ. ಅಲ್ಲ, ಮೊದಲೇ ಒಮ್ಮೆ ಹಾಕಿದ್ದರಂತೆ, ಆದರೆ ಆ ಮೆಸೇಜ್ ಹೋದದ್ದು ಪೀಣ್ಯದ ಕಡೆ ಗಾಡಿ ಓಡಿಸುತ್ತಿದ್ದ ಯಜಮಾನರ ಫೋನಿಗೆ. ಶಾಲೆಯ ಹತ್ತಿರ ಇರುವುದು ಅಪ್ಪನ ನಂಬರ್ ಮಾತ್ರ. ಮಗುವಿಗೆ ತಲೆ ಬಾಚಿ ಕಳಿಸುವವಳ ನಂಬರ್ ಇಲ್ಲ, ಅಜ್ಜಿಯದಂತೂ ಇಲ್ಲವೇ ಇಲ್ಲ. ನಮ್ಮಂಥ ಊರಿನಲ್ಲಿ ಇದು ಗುಂಪಿನ ಎಲ್ಲಕ್ಕಿಂತ ದೊಡ್ಡ ದೋಷ. ಉಳಿದದ್ದನ್ನೆಲ್ಲ ಸಹಿಸಬಹುದು.

ಪೋಷಕರ ಸಭೆಯದೂ ಒಂದು ಮಾತು. ಮಕ್ಕಳ ಅಂಕ ತೋರಿಸಲು ಕರೆದದ್ದು ಬೆಳಿಗ್ಗೆ ಹನ್ನೊಂದಕ್ಕೆ, ಅದೂ ಕಡ್ಲೆಕಾಯಿ ಕೀಳುವ ಕಾಲದಲ್ಲಿ. ಬಂದವರು ಬೆರಳೆಣಿಕೆಯಷ್ಟು ಜನ. ನಾನು ಹೇಳಿದ್ದಕ್ಕೆ ಹೆಡ್ ಮೇಷ್ಟ್ರು ನಕ್ಕು, “ಕಡ್ಲೆಕಾಯಿ ಮುಗೀತು ಅಂದ್ರೆ ರಾಗಿ ಕೊಯ್ಲು ಬರ್ತದೆ, ಯಾವಾಗ ಕರೀಲಿ ನೀವೇ ಹೇಳ್ರಮ್ಮ” ಅಂದರು. ಸಂಜೆ ಡೇರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಕರೆಯಿರಿ, ಶಾಲೆ ದಾಟಿಕೊಂಡೇ ಹೋಗಬೇಕು ಎಲ್ಲರೂ, ಅಂದೆ. ಅದು ಅವರಿಗೆ ಒಪ್ಪಿಗೆ ಆಯಿತು. ಸಭೆಗೆ ಬಂದವರಿಗೆ ಮಗುವಿನ ಉತ್ತರ ಪತ್ರಿಕೆಯನ್ನೇ ಕೈಗೆ ಕೊಟ್ಟು ತೋರಿಸಿದರು, ಅದು ನನಗೆ ಹಿಡಿಸಿತು. ಮಗನ ಗಣಿತದ ಪೇಪರಿನಲ್ಲಿ ಲೆಕ್ಕ ಸರಿ, ಕೊನೆಯಲ್ಲಿ ಕೂಡುವುದು ತಪ್ಪು, ಪುಟಪುಟಕ್ಕೂ ಅದೇ. ಗ್ರೇಡ್ ನೋಡಿದ್ದರೆ ಇದು ತಿಳಿಯುತ್ತಿರಲಿಲ್ಲ.

ಸ್ಟಾರ್ ಕೊಡಲೇಬೇಕು ಅಂದರೆ ಹಾಳೆಗೆ ಐದಕ್ಕೆ ನಾಲ್ಕೂವರೆ, ಆ ಅರ್ಧ ಹಿಡಿದದ್ದು ಎನ್‌ಪಿಸಿಐಗೆ. ಮಿಸ್ಸಿನ ವಾಯ್ಸ್ ಮೆಸೇಜಿಗೆ ಐದು. ಪಿಡಿಎಫ್ ಗುಂಪಿಗೆ ಎರಡು, ಅದೂ ಜಾಸ್ತಿಯೇ. ನನ್ನ ನಂಬರನ್ನೂ ಸೇರಿಸಿ ಅಂತ ಚೀಟಿ ಬರೆದು ಮಗಳ ಕೈಯಲ್ಲಿ ಕಳಿಸಿದ್ದೇನೆ. ಇವತ್ತಿನವರೆಗೂ ಸೇರಿಸಿಲ್ಲ. ಡಿಸೆಂಬರಿನೊಳಗೆ ಸೇರಿಸಿದರೆ ಗುಂಪಿಗೆ ಇನ್ನೊಂದು ಸ್ಟಾರ್ ಹಾಕುತ್ತೇನೆ.