ಹೊನೊಲುಲುವೋ, ಪೋರ್ಟ್ ಬ್ಲೇರೋ?

ದಾವಣಗೆರೆಯ ಎಪಿಎಂಸಿಯಲ್ಲಿ ಲಾರಿಗೇರಿದ ಅಕ್ಕಿ ಮೂಟೆ ಚೆನ್ನೈನಲ್ಲಿ ಹಡಗೇರಿ, ಸುಮಾರು 1,200 ಕಿ.ಮೀ. ಕಡಲು ದಾಟಿ ಅಂಡಮಾನಿನ ಪೋರ್ಟ್ ಬ್ಲೇರ್ (ಈಗಿನ ಶ್ರೀ ವಿಜಯಪುರಂ) ಮುಟ್ಟುವಷ್ಟರಲ್ಲಿ ಹಮಾಲಿ, ಬಾಡಿಗೆ ಸೇರಿ ತುಟ್ಟಿಯಾಗಿರುತ್ತದೆ. ಕೆಲಸಕ್ಕೆ ಅಲ್ಲಿಗೋ ಅಮೆರಿಕದ ಹವಾಯಿ ದ್ವೀಪಗಳ ಹೊನೊಲುಲುವಿಗೋ ಹೊರಟಿರುವ ನಮ್ಮೂರಿನ ಎಂಜಿನಿಯರುಗಳು ಸಂಬಳದ ಜೊತೆಗೆ ಹಡಗಿನ ಕಾನೂನನ್ನೂ ನೋಡುವುದು ಒಳ್ಳೆಯದು. ಅಮೆರಿಕದ 1920ರ ಜೋನ್ಸ್ ಕಾಯ್ದೆಯ ಪ್ರಕಾರ, ಆ ದೇಶದ ಎರಡು ಬಂದರುಗಳ ನಡುವೆ ಸರಕು ಒಯ್ಯುವ ಹಡಗನ್ನು ಅಲ್ಲಿಯೇ ಕಟ್ಟಿರಬೇಕು, ಮಾಲೀಕರೂ ಬಹುಪಾಲು ಸಿಬ್ಬಂದಿಯೂ ಅಲ್ಲಿಯವರೇ ಆಗಿರಬೇಕು. ಹಾಗೆ ಕಟ್ಟುವ ವೆಚ್ಚ ದಕ್ಷಿಣ ಕೊರಿಯಾದಲ್ಲಿ ಆಗುವುದಕ್ಕಿಂತ ಹಲವು ಪಟ್ಟು ಹೆಚ್ಚಾದ್ದರಿಂದ, ಅದರ ಒಂದು ಪಾಲು ಹವಾಯಿಯ ದಿನಸಿ ಬಿಲ್ಲಿಗೆ ಬಂದು ಕೂರುತ್ತದೆ. ಭಾರತದ ಕರಾವಳಿ ಸಾಗಣೆಗೂ ವಿದೇಶಿ ಹಡಗುಗಳು ಸಾಮಾನ್ಯವಾಗಿ ಪರವಾನಗಿ ಪಡೆಯಬೇಕು, ಆದರೆ ಹಡಗನ್ನು ಇಲ್ಲಿಯೇ ಕಟ್ಟಿರಬೇಕೆಂಬ ಹಟವಿಲ್ಲ. ಪೋರ್ಟ್ ಬ್ಲೇರಿನ ತುಟ್ಟಿಗೆ ಕಾನೂನಿಗಿಂತ ದೂರವೇ ಹೆಚ್ಚು ಕಾರಣವೆಂಬುದು ನನ್ನ ಅಂದಾಜು. ಸಂಬಳ ತೀರಾ ದೊಡ್ಡದಲ್ಲದಿದ್ದರೆ ಹೊನೊಲುಲುವನ್ನು ನಾನಂತೂ ಆರಿಸಲಾರೆ.